ಮೇಜಿನ ಮೇಲಿನ ಯುದ್ಧ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಅಣ್ಣತಮ್ಮ ಇಬ್ಬರು ಮಿನಿಯೇಚರ್ ವಾರ್‌ಗೇಮ್ (ಪುಟ್ಟ ಬೊಂಬೆ ಸೈನ್ಯಗಳ ಯುದ್ಧದಾಟ) ಶುರು ಮಾಡಬೇಕೆಂದಿದ್ದೇವೆ. ಬೊಂಬೆಗಳು ಇನ್ನೂ ಇಲ್ಲ, ಇರುವುದು ಮೂರಡಿಯ ಮೇಜು. ನಿಯಮಕ್ಕೆ ‘ಒನ್ ಅವರ್ ವಾರ್‌ಗೇಮ್ಸ್’ ಪುಸ್ತಕ ಒಳ್ಳೆಯದೋ ‘ಡಿಬಿಎ’ಯೋ? (ಸಾಗರ)

ಉತ್ತರ: ಮೊದಲ ನಾಲ್ಕಾರು ಆಟಕ್ಕೆ ಒನ್ ಅವರ್ ಸಾಕು. ಒಬ್ಬೊಬ್ಬರಿಗೆ 6 ಯೂನಿಟ್ (ಒಟ್ಟಿಗೆ ನಡೆಯುವ ಬೊಂಬೆಗಳ ತಂಡ), ಮೂರಡಿ ಚೌಕ, 15 ಸರದಿ. 15 ಏಟು ತಿಂದ ಯೂನಿಟ್ ಮೇಜಿನಿಂದ ಇಳಿಯುತ್ತದೆ, ಲೆಕ್ಕ ಅಷ್ಟೇ. ಬೇಗ ಬೇಸರ ಬರುವುದೂ ಅದಕ್ಕೇ: 14 ಏಟು ತಿಂದದ್ದೂ ಹೊಸದರಷ್ಟೇ ಜೋರಾಗಿ ಹೊಡೆಯುತ್ತದೆ, ಹೇಳಿದ ಮಾತನ್ನು ಯಾವ ಯೂನಿಟ್ಟೂ ಮೀರುವುದಿಲ್ಲ.

ಆಮೇಲೆ 1990ರ ಡಿಬಿಎಗೆ (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್, ಪ್ರಾಚೀನ ಮತ್ತು ಮಧ್ಯಯುಗದ ಕದನಗಳ ನಿಯಮ) ಬನ್ನಿ. ಒಬ್ಬೊಬ್ಬರಿಗೆ 12 ತುಂಡು (ಒಂದೇ ಬಿಲ್ಲೆಯ ಮೇಲೆ ನಿಂತ ಬೊಂಬೆಗಳು). 15 ಮಿ.ಮೀ. ಅಳತೆಯ ಬೊಂಬೆಗಳಿಗೆ ಎರಡಡಿ ಚೌಕದ ಹಲಗೆ ಸಾಕು. 40 ಮಿ.ಮೀ. ಅಗಲದ ರಟ್ಟು ಕತ್ತರಿಸಿ ‘ಈಟಿ’, ‘ಕುದುರೆ’ ಎಂದು ಬರೆದುಕೊಂಡರೂ ಆಟ ನಡೆಯುತ್ತದೆ. ಪ್ರತಿ ಸರದಿಗೆ ಒಂದು ದಾಳ, ಬಿದ್ದಷ್ಟೇ ಅಪ್ಪಣೆ. ಸಾಲು ಕೂಡಿಕೊಂಡಿದ್ದರೆ ಒಂದೇ ಅಪ್ಪಣೆಗೆ ಇಡೀ ಸಾಲು ನಡೆಯುತ್ತದೆ. ಚದುರಿದರೆ ತುಂಡಿಗೊಂದು ಬೇಕು. ಹೊಸಬರು ಮೂರನೇ ಸರದಿಗೇ ಸಾಲು ಒಡೆದುಕೊಂಡು, ದಾಳದಲ್ಲಿ 1 ಬಿದ್ದಾಗ ಕೈಕಟ್ಟಿ ಕೂರುತ್ತಾರೆ.

ಕಾದಾಟದಲ್ಲಿ ಇಬ್ಬರೂ ದಾಳಕ್ಕೆ ತಮ್ಮ ಅಂಕ ಕೂಡಿಸುತ್ತಾರೆ. ಕಡಿಮೆ ಬಂದವನು ಸಾಮಾನ್ಯವಾಗಿ ಹಿಂದೆ ಸರಿಯುತ್ತಾನೆ, ಎದುರಿನದು ಎರಡರಷ್ಟಾದರೆ ಸಾಯುತ್ತಾನೆ. ಬೆಂಬಲವಿಲ್ಲದ ಈಟಿಯವರ ಅಂಕ 4, ಎದುರು ನಿಂತ ಆಕ್ಸಿಲಿಯಾ (ಹಗುರ ಕಾಲಾಳು) ಪಡೆಯದ್ದು 3 ಎನ್ನಿ. ಇವರಿಗೆ 1, ಅವರಿಗೆ 6 ಬಿದ್ದರೂ 5ಕ್ಕೆ 9, ಈಟಿ ಉಳಿಯಿತು. ಸಾಲಿನ ತುದಿಯಲ್ಲಿ ಶತ್ರು ಒಬ್ಬ ಹೊರಚಾಚಿ ನಿಂತಿದ್ದರೆ 1 ಕಳೆಯಬೇಕು: 4ಕ್ಕೆ 9, ಈಟಿ ಹೋಯಿತು. ಸಾಲಿನ ತುದಿ ಕಾಯುವುದು ಇಷ್ಟು ಮುಖ್ಯ.

ಪ್ರಶ್ನೆ: ನಾವು ‘ವಾರ್‌ಹ್ಯಾಮರ್ 40,000’ ಆಡುತ್ತೇವೆ. ಒಬ್ಬರ ಸರದಿ ಮುಗಿಯುವುದರೊಳಗೆ ಇನ್ನೊಬ್ಬರು ಎರಡು ಕಾಫಿ ಮುಗಿಸುತ್ತಾರೆ. ಅವೇ ಬೊಂಬೆಗಳಿಗೆ ಬೇರೆ ರೂಲ್ಸ್ ಇದೆಯೇ? (ಶಿವಮೊಗ್ಗ)

ಉತ್ತರ: ‘ಗ್ರಿಮ್‌ಡಾರ್ಕ್ ಫ್ಯೂಚರ್’ ನೋಡಿ, ಮೂಲ ನಿಯಮ ಉಚಿತ. ನೀವೊಂದು ಯೂನಿಟ್, ಅವರೊಂದು ಯೂನಿಟ್. 40,000ದಲ್ಲಿ ಗುಂಡು ತಾಗಿತೇ, ಗಾಯವಾಯಿತೇ, ಕವಚ ತಡೆಯಿತೇ ಎಂದು ಮೂರು ಸಲ ದಾಳ; ಇಲ್ಲಿ ತಾಗಿತೇ, ತಡೆಯಿತೇ ಎಂದು ಎರಡೇ. ಆದರೆ ಒಬ್ಬರಿಗೆ 10, ಇನ್ನೊಬ್ಬರಿಗೆ 6 ಯೂನಿಟ್ ಇದ್ದರೆ ಕೊನೆಯ ನಾಲ್ಕನ್ನು 10ರವರು ಸಾಲಾಗಿ ಆಡಿಬಿಡುತ್ತಾರೆ. ಸೈನ್ಯ ಕಟ್ಟುವಾಗಲೇ ಯೂನಿಟ್ ಸಂಖ್ಯೆಯ ಅಂತರ ಎರಡರೊಳಗಿರಲಿ ಎಂದು ಮಾತಾಡಿಕೊಳ್ಳಿ.

ಎರಡನೇ ಮಹಾಯುದ್ಧ ಇಷ್ಟವಿದ್ದರೆ ‘ಬೋಲ್ಟ್ ಆ್ಯಕ್ಷನ್’. ಯೂನಿಟ್‌ಗೊಂದರಂತೆ ಇಬ್ಬರ ದಾಳಗಳನ್ನೂ ಒಂದೇ ಚೀಲಕ್ಕೆ ಹಾಕಿ, ಕೈಗೆ ಬಂದದ್ದು ಯಾರದೋ ಅವರ ಆಟ. ಅದೇ 10 ಮತ್ತು 6ರ ಲೆಕ್ಕದಲ್ಲಿ ಮೊದಲ ದಾಳ ದೊಡ್ಡ ಪಡೆಯದ್ದಾಗುವ ಸಾಧ್ಯತೆ 16ಕ್ಕೆ 10. ಹಾಗಾಗಿ ಅಗ್ಗದ ಪುಟ್ಟ ತಂಡಗಳನ್ನು ತುರುಕುವ ಚಾಳಿ ಇಲ್ಲೂ ಇದೆ. ಬೋಲ್ಟ್ ಆ್ಯಕ್ಷನ್‌ನ ಜೀವ ಇರುವುದು ಪಿನ್ನಿನಲ್ಲಿ, ಅಂದರೆ ಗುಂಡಿಗೆ ಸಿಕ್ಕ ತಂಡದ ಮೇಲೆ ಬೀಳುವ ಅಂಜಿಕೆಯ ಗುರುತಿನಲ್ಲಿ. ರೆಗ್ಯುಲರ್ (ಸಾಧಾರಣ ತರಬೇತಿಯ) ತಂಡದ ಸ್ಥೈರ್ಯ 9. ಎರಡು ಪಿನ್ ಬಿದ್ದರೆ ಅಪ್ಪಣೆ ಪಾಲಿಸಲು ಎರಡು ದಾಳದಲ್ಲಿ 7 ಅಥವಾ ಕಡಿಮೆ ಬೀಳಬೇಕು, ಶೇ. 58. ಮೂರಾದರೆ ಶೇ. 42. ಕೊಲ್ಲದೆಯೂ ಶತ್ರುವನ್ನು ಕೂರಿಸಿಬಿಡಬಹುದು.

ಪ್ರಶ್ನೆ: ಕೆಳದಿ ಚೆನ್ನಮ್ಮ ರಾಜಾರಾಮನಿಗೆ ಆಶ್ರಯ ಕೊಟ್ಟ ಮೇಲೆ ಮೊಘಲ್ ಸೈನ್ಯ ಮಲೆನಾಡಿನ ಕಾಡಿಗೆ ಬಂದ ಪ್ರಸಂಗವನ್ನು ಡಿಬಿಎಯಲ್ಲಿ ಆಡಬಹುದೇ? (ಹೊಸನಗರ)

ಉತ್ತರ: ಬೇಡ. ಡಿಬಿಎ 1500ರ ಸುಮಾರಿಗೆ ನಿಲ್ಲುತ್ತದೆ, ನಿಮ್ಮದು 17ನೇ ಶತಮಾನದ ಕೋವಿಯ ಕಾಲ. ಮಧ್ಯಯುಗದ ಕದನಗಳಿಗಿರುವ 2014ರ ‘ಲಯನ್ ರಾಂಪಂಟ್’ನ ಚೌಕಟ್ಟಿನಲ್ಲೇ ಕೋವಿಯ ಕಾಲಕ್ಕೆ ಬರೆದ ‘ದಿ ಪೈಕ್‌ಮನ್ಸ್ ಲಮೆಂಟ್’ ಇದೆ. ಯೂನಿಟ್‌ಗೆ 6 ಅಥವಾ 12 ಬೊಂಬೆ. ಇಷ್ಟು ಸಣ್ಣ ಪಡೆಗಳೇ ಕಾಡಿನ ಕದನಕ್ಕೆ ಒಪ್ಪುವುದು.

ಲಯನ್ ರಾಂಪಂಟ್‌ನಲ್ಲಿ ಪ್ರತಿ ಯೂನಿಟ್ಟಿನ ಅಪ್ಪಣೆಗೂ ಎರಡು ದಾಳ. ತಪ್ಪಿದ ಕೂಡಲೇ ನಿಮ್ಮ ಸರದಿ ಮುಗಿಯಿತು. 6 ಅಥವಾ ಹೆಚ್ಚು ಬೀಳಬೇಕಾದ ಆರು ಯೂನಿಟ್ಟೂ ಒಂದೇ ಸರದಿಯಲ್ಲಿ ಕದಲುವ ಸಾಧ್ಯತೆ ಶೇ. 14 ಅಷ್ಟೇ. ಆದ್ದರಿಂದ ತುರ್ತಿನದನ್ನು ಮೊದಲು ಆಡಿ, ಅಂದವಾದದ್ದನ್ನು ಆಮೇಲೆ.

ಕಾಡುದಾರಿ ಮಾಡುವಾಗ ಒಂದು ಎಚ್ಚರ. ಶತ್ರುವಿನ ಮೇಲೆ ಬೀಳುವಾಗ ಬಿಟ್ಟು ಬೇರೆ ಯಾವ ಯೂನಿಟ್ಟಿಗೂ, ಸ್ವಂತದ್ದಕ್ಕೂ, 3 ಇಂಚಿಗಿಂತ ಹತ್ತಿರ ಹೋಗುವಂತಿಲ್ಲ. 6 ಇಂಚಿನ ದಾರಿ ಇಟ್ಟರೆ ಮುಂದಿನ ಯೂನಿಟ್ ನಿಂತ ಕೂಡಲೇ ಆಗುಂಬೆ ಘಾಟಿಯಲ್ಲಿ ಲಾರಿ ಕೆಟ್ಟು ನಿಂತಂತೆ, ಹಿಂದಿನದು ದಾಟಲಾರದು. ಮೊಘಲರಿಗೆ ಅದೇ ತಕ್ಕ ಶಾಸ್ತಿ ಎನ್ನಿಸಬಹುದು, ಆದರೆ ಆ ಕಡೆ ಕೂತವರು ಎರಡನೇ ಸಲ ಆಡಲು ಬರುವುದಿಲ್ಲ. ದಾರಿಯುದ್ದಕ್ಕೂ 12 ಇಂಚು ಅಗಲದ ಬಯಲು ಎರಡು ಮೂರು ಬಿಡಿ. 6×4 ಅಡಿಯ ಮೇಜಿಲ್ಲದಿದ್ದರೆ ಬೊಂಬೆಗಳೂ ಪುಟ್ಟವಾಗಿರಲಿ, ಇಂಚನ್ನೆಲ್ಲ ಸೆಂ.ಮೀ. ಮಾಡಿಕೊಳ್ಳಿ: 72×48 ಸೆಂ.ಮೀ.ನಲ್ಲಿ ಇಡೀ ರಣರಂಗ ಹಿಡಿಯುತ್ತದೆ.

ಪ್ರಶ್ನೆ: ಮಳೆಗಾಲದಲ್ಲಿ ಸ್ಪ್ರೇ ವಾರ್ನಿಷ್ ಹೊಡೆದರೆ ಬೊಂಬೆ ಬೆಳ್ಳಗಾಗುತ್ತದೆ. (ತೀರ್ಥಹಳ್ಳಿ)

ಉತ್ತರ: ಗಾಳಿಯ ತೇವ ಪದರದಲ್ಲಿ ಸಿಕ್ಕಿಕೊಂಡು ಹಾಗಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸ್ಪ್ರೇ ಬಿಟ್ಟು ಕುಂಚದಲ್ಲೇ ಹಚ್ಚಿ. ಈಗಾಗಲೇ ಬೆಳ್ಳಗಾದದ್ದಕ್ಕೆ ಮೇಲೊಂದು ತೆಳು ಹೊಳಪಿನ (ಗ್ಲಾಸಿ) ವಾರ್ನಿಷ್ ಎಳೆದರೆ ಎಷ್ಟೋ ಸಲ ಬಣ್ಣ ಮರಳುತ್ತದೆ. ಒಂದೇ ಬೊಂಬೆಯ ಮೇಲೆ ಮೊದಲು ನೋಡಿ. ಬೊಂಬೆಯಡಿಯ ರಟ್ಟಿನ ಬೇಸ್ ತೇವಕ್ಕೆ ಉಬ್ಬುತ್ತದೆ, ಬದಲಿಗೆ 2 ಮಿ.ಮೀ. ಅಕ್ರಿಲಿಕ್ ಕತ್ತರಿಸಿಕೊಳ್ಳಿ.