ಬೇಸಿಗೆಯಲ್ಲೇ ಶುರು ಮಾಡಿ

ಯಾರಿಗೂ ನೆನಪಿಲ್ಲದ ಹಳೇ ಕ್ರಿಸ್ಮಸ್ ಹಾಡುಗಳನ್ನು ಬೇಸಿಗೆಯಲ್ಲಿ ಗ್ರಾಮೊಫೋನ್ ಡಿಸ್ಕುಗಳಿಂದ ಕಂಪ್ಯೂಟರಿಗೆ ಇಳಿಸಿ, ಒಟ್ಟುಮಾಡಿ ಹಂಚಿದರೆ ವಿಚಿತ್ರ ಅನ್ಸುತ್ತಾ, ಹಕ್ಕಿನ (ಕಾಪಿರೈಟ್) ತೊಂದರೆ ಬರುತ್ತಾ ಅಂತ ಕೇಳಿದ್ದೀರಿ. ವಿಚಿತ್ರ ಏನೂ ಇಲ್ಲ. ಅಮೆರಿಕದ ಗಾಯಕ ಬಿಂಗ್ ಕ್ರಾಸ್ಬಿ ‘ವೈಟ್ ಕ್ರಿಸ್ಮಸ್’ ಹಾಡನ್ನು ರೆಕಾರ್ಡ್ ಮಾಡಿದ್ದೇ 1942ರ ಮೇ ತಿಂಗಳಲ್ಲಿ. ಡಿಸೆಂಬರ್‌ಗೆ ಅಂಗಡಿ ಸೇರಬೇಕಾದ ಡಿಸ್ಕ್ ಬಿಸಿಲಲ್ಲೇ ತಯಾರಾಗಬೇಕು, ಅಲ್ವಾ?

ನಿಮ್ಮ ಕೆಲಸಕ್ಕೂ ಸಮಯ ಬೇಕು. 78 ಆರ್‌ಪಿಎಂ ಡಿಸ್ಕನ್ನು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೇ ಡಿಸ್ಕು) ದಯವಿಟ್ಟು ಎಲ್‌ಪಿ, ಅಂದರೆ ನಂತರ ಬಂದ ಸಣ್ಣ ಗೆರೆಯ ಡಿಸ್ಕಿನ ಮುಳ್ಳಿನಲ್ಲಿ ನುಡಿಸಬೇಡಿ. 78ರ ಡಿಸ್ಕಿನ ಗೆರೆ ಅಗಲ, ಹಾಗಾಗಿ ಸಣ್ಣ ಮುಳ್ಳು ತಳಕ್ಕೆ ಇಳಿದು ಅಲ್ಲಿ ಕೂತಿರುವ ಕೊಳೆಯ ಗರಗರ ಶಬ್ದವನ್ನೇ ಎತ್ತಿಕೊಡುತ್ತೆ. ಸುಮಾರು 3 ಮಿಲ್ (ಒಂದು ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ) ಮುಳ್ಳು ಹಾಕಿ, ಹಿಂದೆಲ್ಲೋ ಮುಚ್ಚಿಹೋಗಿದ್ದ ಗಂಟೆಯ ದನಿ ಕೂಡ ಕೇಳಿಸುತ್ತೆ. ಮೂಲ ಪ್ರತಿಯನ್ನು ಫ್ಲ್ಯಾಕ್‌ನಲ್ಲಿ, ಅಂದರೆ ಧ್ವನಿಯ ಗುಣಮಟ್ಟ ಕಳೆಯದ ಫೈಲ್ ರೂಪದಲ್ಲಿ ಇಡಿ. ಗರಗರ ತೆಗೆಯುವ ಸಾಫ್ಟ್‌ವೇರ್ ಜಾಸ್ತಿ ಬಳಸಬೇಡಿ, ಹಾಡಿನ ಜೀವವೇ ಹೋಗುತ್ತೆ, ನನಗಂತೂ ಸ್ವಲ್ಪ ಸದ್ದು ಇದ್ದರೇ ಇಷ್ಟ. ಲೇಬಲ್ಲಿನ ಫೋಟೋ, ಡಿಸ್ಕಿನ ಮಧ್ಯಭಾಗದಲ್ಲಿ ಕೆತ್ತಿರುವ ನಂಬರ್ ಎರಡೂ ಜೊತೆಗಿರಲಿ. ಎಷ್ಟೋ ಸಲ ಹಾಡಿದವರು ಯಾರು, ಯಾವ ವರ್ಷ ಅಂತ ಗೊತ್ತಾಗೋದು ಆ ನಂಬರಿನಿಂದಲೇ.

ಹಕ್ಕಿನ ವಿಷಯ ಮಾತ್ರ ಸುಮ್ನೆ ಬಿಡಬೇಡಿ. ಡಿಸ್ಕ್ ಎಲ್ಲೂ ಸಿಗಲ್ಲ ಅಂದ ಮಾತ್ರಕ್ಕೆ ಹಕ್ಕು ಮುಗಿದಿದೆ ಅಂತ ಅಲ್ಲ. ಅಮೆರಿಕದ ಕಾನೂನಿನಲ್ಲಿ 1923ರಿಂದ 1946ರವರೆಗೆ ಬಿಡುಗಡೆಯಾದ ರೆಕಾರ್ಡಿಂಗ್‌ಗಳಿಗೆ 100 ವರ್ಷ, 1947ರಿಂದ 1956ರವರೆಗಿನವಕ್ಕೆ 110 ವರ್ಷ ರಕ್ಷಣೆ ಇದೆ. 1923ಕ್ಕಿಂತ ಹಳೆಯವು ಈಗ ಮುಕ್ತ. ಸಾಹಿತ್ಯ, ರಾಗಕ್ಕೆ ಬೇರೆ ಹಕ್ಕಿರುತ್ತೆ, ಅದನ್ನೂ ನೋಡಿ. ಹಾಗಾಗಿ 1923ಕ್ಕಿಂತ ಹಿಂದಿನ ಡಿಸ್ಕುಗಳಿಂದ ಶುರು ಮಾಡಿ, ಪಟ್ಟಿ ತಯಾರಾದರೆ ನನಗೂ ಕಳಿಸಿ.