ಪಿಎಸ್4 ಕಾಯ್ತಿದೆಯಾ? ಮೊದಲು ಗಾಳಿಯ ದಾರಿ ನೋಡಿ

ಪ್ರಶ್ನೆ: ನನ್ನ ಹತ್ತಿರ ಹಳೇ ಪ್ಲೇಸ್ಟೇಷನ್ 4 (ಪಿಎಸ್4) ಗೇಮ್ ಕನ್ಸೋಲ್ ಇದೆ, ಮೊದಲ ಮಾದರಿಯದು. ಬೇಸಿಗೆ ಬಂತು ಅಂದ್ರೆ ಸ್ವಲ್ಪ ಹೊತ್ತು ಆಡುವಷ್ಟರಲ್ಲಿ ಫ್ಯಾನ್ ಜೋರಾಗಿ ಕೂಗುತ್ತದೆ, ಆಮೇಲೆ ತುಂಬಾ ಬಿಸಿಯಾಗಿದೆ, ಆಫ್ ಮಾಡಿ ಅಂತ ಟೀವಿ ಮೇಲೆ ಬರುತ್ತದೆ. ಹಿಂದೆ ಸಿಕ್ಕಿಸುವ ಯುಎಸ್‌ಬಿ ಫ್ಯಾನ್ ತಗೊಳ್ಳಲಾ? ಗೆಳೆಯ ಐಸ್ ಪ್ಯಾಕ್ ಇಡು ಅಂತಿದ್ದಾನೆ.
– ಓದುಗರು, ರಾಯಚೂರು

ಉತ್ತರ: ಐಸ್ ಪ್ಯಾಕ್ ಬೇಡವೇ ಬೇಡ. ತಣ್ಣಗಿನ ಜಾಗದಲ್ಲಿ ನೀರು ಬೆವರುತ್ತದೆ, ಆ ಹನಿ ಒಳಗೆ ಹೋದರೆ ಬೋರ್ಡೇ ಸುಟ್ಟೀತು. ಯುಎಸ್‌ಬಿ ಫ್ಯಾನಿಗೂ ಈಗಲೇ ದುಡ್ಡು ಹಾಕಬೇಡಿ. ಬಿಸಿಗಾಳಿ ಹೋಗುವ ಬಾಯಿಗೇ ಅದು ಅಡ್ಡ ಕೂತರೆ ಇರೋ ಗಾಳಿಯೂ ಕಟ್ಟುತ್ತದೆ.

ಮೊದಲು ಒಂದು ಪರೀಕ್ಷೆ ಮಾಡಿ. ಫ್ಯಾನ್ ಜೋರಾಗಿ ಕೂಗುವಾಗ ಕನ್ಸೋಲ್ ಹಿಂದೆ ಅಂಗೈ ಹಿಡಿಯಿರಿ. ಬಿಸಿಗಾಳಿ ರಭಸವಾಗಿ ಬಂದರೆ ಒಳಗಿನ ದಾರಿ ತೆರೆದೇ ಇದೆ, ತೊಂದರೆ ರೂಮಿನದು ಅಥವಾ ಚಿಪ್ಪಿನ ಶಾಖ ದಾಟಿಸಲು ಅದರ ಮೇಲೆ ಬಳಿದಿರುವ ಪೇಸ್ಟ್ ಒಣಗಿದ್ದರದು. ಸದ್ದು ಮಾತ್ರ ಜೋರು, ಗಾಳಿ ಮಾತ್ರ ಸುಮ್ನೆ ಹೆಸರಿಗೆ ಅಂದ್ರೆ ಧೂಳು ಕಟ್ಟಿಕೊಂಡಿದೆ.

ಆಡುವಾಗ ಈ ಮಾದರಿ ಸುಮಾರು 140 ವಾಟ್ ಎಳೆಯುತ್ತದೆ, ಅದಷ್ಟೂ ಕೊನೆಗೆ ಶಾಖವಾಗಿ ಹೊರಗೆ ಬರಲೇಬೇಕು ಅಲ್ವಾ? ಹಾಗಾಗಿ ಟೀವಿ ಸ್ಟ್ಯಾಂಡಿನ ಮುಚ್ಚಿದ ಖಾನೆಯಲ್ಲಿದ್ದರೆ ಇವತ್ತೇ ಹೊರಗೆ ತೆಗೆಯಿರಿ. ಗೋಡೆಗೂ ಅದಕ್ಕೂ ಕನಿಷ್ಠ 10 ಸೆಂಟಿಮೀಟರ್ ಬಿಡಿ. ಕೆಳಗೆ ಬಟ್ಟೆ, ಕಾರ್ಪೆಟ್ ಬೇಡ. ಇನ್ನು ರೂಮಿನ ಮಾತು. ಫ್ಯಾನ್ ಎಷ್ಟೇ ತಿರುಗಲಿ, ರೂಮಿನ ಗಾಳಿಗಿಂತ ತಣ್ಣಗೆ ಮಾಡಲು ಅದಕ್ಕೆ ಆಗಲ್ಲ. ಈ ಯಂತ್ರಕ್ಕೆ ಕಂಪನಿ ಹೇಳಿರುವ ಮಿತಿ 35 ಡಿಗ್ರಿ. ನಿಮ್ಮೂರಿನ ಏಪ್ರಿಲ್, ಮೇ ಮಧ್ಯಾಹ್ನ ಹೊರಗೇ 40 ದಾಟಿರುತ್ತದೆ, ತಾರಸಿ ಕೆಳಗಿನ ರೂಮಾದರೆ ಸಂಜೆಯಾದರೂ ಕಾವು ಇಳಿಯಲ್ಲ. ಆಗ ಕೆಳಗಿನ ಮನೆಗೆ ತನ್ನಿ, ಇಲ್ಲವೇ ರಾತ್ರಿ ಆಡಿ. ಏರ್ ಕೂಲರ್ ರೂಮಿನಲ್ಲಿರಲಿ, ಆದರೆ ಅದರ ಒದ್ದೆ ಗಾಳಿ ನೇರವಾಗಿ ಕನ್ಸೋಲಿಗೆ ಹೊಡೆಯಬಾರದು. ತೇವಕ್ಕೆ ಧೂಳು ಗಟ್ಟಿಯಾಗಿ ಅಂಟುತ್ತದೆ.

ಧೂಳು ತೆಗೆಯುವುದೇ ನಿಜವಾದ ಕೆಲಸ. ವೈರ್ ಎಲ್ಲಾ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು, ನಕ್ಷತ್ರದಂಥ ತುದಿಯ, ನಡುವೆ ತೂತಿರುವ ಟಿ8 ಟಾರ್ಕ್ಸ್ ಸ್ಕ್ರೂಡ್ರೈವರಿನಿಂದ ತಳದ ಮುಚ್ಚಳ ಬಿಚ್ಚಿ. ಕೆಲವು ಸ್ಕ್ರೂ ಹಿಂಬದಿಯ ಸ್ಟಿಕರ್ ಕೆಳಗಿರುತ್ತವೆ. ವಾರಂಟಿ ಇನ್ನೂ ಇದ್ದರೆ ಕೈ ಹಾಕಬೇಡಿ. ಒಳಗೆ ದುಂಡನೆಯ ಫ್ಯಾನ್ ಕಾಣುತ್ತದೆ, ಅದರ ಪಕ್ಕ ಪವರ್ ಸಪ್ಲೈ ಡಬ್ಬಿ. ಡಬ್ಬಿ ಎತ್ತಿದರೆ ಲೋಹದ ತೆಳು ಪಟ್ಟಿಗಳು, ಅವುಗಳ ಸಂದಿಯಲ್ಲಿ ಕಂಬಳಿ ಹಾಗೆ ಹೆಪ್ಪುಗಟ್ಟಿದ ಬೂದು ಧೂಳು! ಮೆತ್ತಗಿನ ಬ್ರಶ್‌ನಿಂದ ಸಡಿಲಿಸಿ ಬ್ಲೋವರ್ ಹಿಡಿಯಿರಿ, ಆದರೆ ಊದುವಾಗ ಫ್ಯಾನ್ ತಿರುಗದಂತೆ ಬೆರಳಲ್ಲಿ ಒತ್ತಿ ಹಿಡಿಯಬೇಕು, ಇಲ್ಲಾಂದ್ರೆ ವಿಪರೀತ ವೇಗಕ್ಕೆ ಅದರ ಬೇರಿಂಗ್ ಕೆಡುತ್ತದೆ. ಪವರ್ ಸಪ್ಲೈ ಡಬ್ಬಿಯ ಮುಚ್ಚಳ ಮಾತ್ರ ಬಿಚ್ಚಬೇಡಿ, ಪ್ಲಗ್ ತೆಗೆದ ಮೇಲೂ ಅದರೊಳಗೆ ಕರೆಂಟ್ ಉಳಿದಿರುತ್ತದೆ.

ಇಷ್ಟಾದರೂ ಬಿಸಿ ಇಳಿಯದಿದ್ದರೆ ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಬದಲಿಸಬೇಕು. ಅದಕ್ಕೆ ಬೋರ್ಡ್ ಪೂರ್ತಿ ಹೊರಗೆ ಬರಬೇಕು. ಅಭ್ಯಾಸ ಇಲ್ಲದವರು ಒಳ್ಳೆ ರಿಪೇರಿಯವರಿಗೆ ಕೊಡುವುದು ವಾಸಿ.

ಪ್ರಶ್ನೆ: ಪಿಎಸ್5ಗೂ ಹೀಗೇ ಪೇಸ್ಟ್ ಬದಲಿಸಬಹುದಾ?
– ಓದುಗರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಬೇಡ. ಅದರ ಚಿಪ್ ಮೇಲೆ ಇರುವುದು ಮಾಮೂಲಿ ಪೇಸ್ಟ್ ಅಲ್ಲ, ದ್ರವ ಲೋಹ. ಅದರಲ್ಲಿ ಕರೆಂಟ್ ಹರಿಯುತ್ತದೆ, ಒಂದು ಹನಿ ಬೋರ್ಡ್ ಮೇಲೆ ಜಾರಿದರೂ ಶಾರ್ಟ್ ಆಗಬಹುದು. ನೀವು ಮಾಡಬೇಕಾದ್ದು ಸುಲಭ. ಪ್ಲಗ್ ಕಿತ್ತು, ಬದಿಯ ಬಿಳಿ ಮುಚ್ಚಳಗಳನ್ನು ಕೈಯಲ್ಲೇ ತೆಗೆಯಿರಿ, ಸ್ಕ್ರೂಡ್ರೈವರ್ ಬೇಕಿಲ್ಲ. ಫ್ಯಾನ್ ಅಲ್ಲೇ ಕಾಣುತ್ತದೆ. ಧೂಳು ಬಂದು ಸೇರಲೆಂದೇ ಕನ್ಸೋಲಿನಲ್ಲಿ ತೂತುಗಳಿವೆ, ವ್ಯಾಕ್ಯೂಮ್ ಕ್ಲೀನರಿನ ಬಾಯಿ ಅಲ್ಲಿಗೆ ಹಿಡಿದರೆ ಧೂಳು ಹೊರಗೆ ಬರುತ್ತದೆ.