ಮಗುವಿನ ಹೆಸರು ಬದಲಿಸಲು ಕೋರ್ಟಿಗೆ ಹೋಗಲೇಬೇಕಾ?

ನಿಮ್ಮ ಐದು ವರ್ಷದ ಮಗ ಚಿತ್ರದುರ್ಗದಲ್ಲಿ ಹುಟ್ಟಿದ್ದು, ಜನನ ಪ್ರಮಾಣಪತ್ರದಲ್ಲಿರುವ ಹೆಸರನ್ನೇ ಪೂರ್ತಿ ಬದಲಿಸಬೇಕು, ಅದಕ್ಕೆ ಕೋರ್ಟೇ ಗತಿಯಾ ಅಂತ ಕೇಳಿದ್ದೀರಿ. ನಾನು ದಾವಣಗೆರೆಯವಳು. ಮಗಳ ಹೆಸರಿಗಾಗಿ ಕೋರ್ಟ್ ಮೆಟ್ಟಿಲು ಹತ್ತಿದ್ದೇನೆ. ಆದರೂ ನಿಮಗೆ ಹೇಳುವುದು, ಮೊದಲು ಅರ್ಜಿ ಕೊಡಿ, ಕೋರ್ಟ್ ಆಮೇಲೆ.

ಹೆರಿಗೆಯಾದ ಆಸ್ಪತ್ರೆಯಲ್ಲಿ ಫಾರಂ ತುಂಬುವಾಗ ಹೆಸರು ಕೇಳಿದರು. ಅವಸರದಲ್ಲಿ ನಮ್ಮತ್ತೆ ‘ಭಾಗ್ಯ’ ಅಂದರು. ತೊಟ್ಟಿಲಿಗೆ ಹಾಕಿದ ದಿನ ಕಿವಿಯಲ್ಲಿ ಹೇಳಿದ್ದು ‘ಇಂಚರ’. ಮನೆಗೂ ಓಣಿಗೂ ಅವಳು ಇಂಚರಾನೇ. ಒಂದನೇ ಕ್ಲಾಸಿಗೆ ಸೇರಿಸಿದಾಗ ಮಿಸ್ ಮೂರು ದಿನ ‘ಭಾಗ್ಯ’ ಅಂತ ಹಾಜರಿ ಕರೆದಿದ್ದಾರೆ. ಮಗು ಎದುರಿಗೇ ಕೂತಿದ್ದರೂ ಓಗೊಟ್ಟಿಲ್ಲ. ಮೂರೂ ದಿನ ಆಬ್ಸೆಂಟ್. ಅದು ತನ್ನ ಹೆಸರು ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಗೊತ್ತಾದ ಸಂಜೆ ನನಗೆ ಅಳು ತಡೆಯಲಾಗಲಿಲ್ಲ.

ಜನನ ಮರಣ ನೋಂದಣಿ ಕಚೇರಿಯಲ್ಲಿ, ತಪ್ಪಾಗಿದ್ದರೆ ತಿದ್ದಬಹುದು, ಹೆಸರೇ ಬದಲಾಗಬೇಕಾದರೆ ಕೋರ್ಟ್ ಆದೇಶ ತನ್ನಿ ಅಂದರು. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಸೆಕ್ಷನ್ ಇರುವುದು ತಪ್ಪು ತಿದ್ದುವುದಕ್ಕೆ. ಹಾಗಾಗಿ ಸಿವಿಲ್ ಕೋರ್ಟಿನಲ್ಲಿ ಘೋಷಣೆಯ ದಾವೆ ಹಾಕಿದೆವು, ಅಂದರೆ ಅವಳ ಹೆಸರು ಇಂಚರ ಅಂತ ಕೋರ್ಟೇ ಘೋಷಿಸಲಿ ಅಂತ ಕೇಳುವ ದಾವೆ. ವಾದಿ ಮಗಳೇ, ಅವಳ ಪರವಾಗಿ ನಾನು. ಎದುರು ಪಕ್ಷ ಸರ್ಕಾರಿ ಅಧಿಕಾರಿ ಆದ್ದರಿಂದ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 80ನೇ ಸೆಕ್ಷನ್ ಪ್ರಕಾರ ಮೊದಲು ನೋಟಿಸ್ ಕೊಟ್ಟು ಎರಡು ತಿಂಗಳು ಕಾಯಬೇಕು. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ. ಕೋರ್ಟ್ ಫೀ ಬರೀ 25 ರೂಪಾಯಿ, ವಕೀಲರ ಫೀ ಬೇರೆ. ಸಾಕ್ಷಿಗೆ ಅಂತ ಲಸಿಕೆ ಕಾರ್ಡ್ ಕೊಟ್ಟೆವು. ಜೊತೆಗೆ ನಾಮಕರಣದ ಆಮಂತ್ರಣ. ಅದರ ಮೂಲೆಯಲ್ಲಿ ಹಚ್ಚಿದ ಅರಿಶಿಣ ಇನ್ನೂ ಇತ್ತು. ‘ಇಂಚರ’ ಅಂತ ಅಚ್ಚಾಗಿದ್ದ ಆ ಕಾರ್ಡಿನ ಮೇಲೆ ಸಾಕ್ಷ್ಯ ಅಂತ ಕೋರ್ಟಿನ ಗುರುತು ಬಿದ್ದಾಗ ಅರ್ಧ ಕೆಲಸ ಆದಂತೆ ಅನ್ನಿಸಿತು. ನೀವೂ ಇಂಥ ಹಳೆಯ ಕಾಗದ ಏನಿದ್ದರೂ ಎಸೆಯಬೇಡಿ.

ನಿಮಗೆ ಈಗ ದಾರಿ ಸ್ವಲ್ಪ ಸುಲಭ. 2025ರಲ್ಲಿ ಕರ್ನಾಟಕ ಹೈಕೋರ್ಟ್ ಉಡುಪಿಯ ಮಗುವೊಂದರ ಪ್ರಕರಣದಲ್ಲಿ ಹೆಸರು ಬದಲಿಸಿಕೊಡಲು ಆದೇಶಿಸಿತು. ಕಾನೂನಿಗೆ ತಿದ್ದುಪಡಿ ಆಗುವವರೆಗೆ ತಂದೆ-ತಾಯಿ ಅಫಿಡವಿಟ್ ಕೊಟ್ಟರೆ ಅಧಿಕಾರಿಗಳು ಹೊಸ ಹೆಸರು ದಾಖಲಿಸಬೇಕು, ಹಳೆಯ ಹೆಸರಿನ ಟಿಪ್ಪಣಿಯೂ ಇರಬೇಕು ಅಂತ ಹೇಳಿತು. ಇಬ್ಬರೂ ಸಹಿ ಮಾಡಿ ಅರ್ಜಿ ಕೊಡಿ, ಸ್ವೀಕೃತಿ ಇಸ್ಕೊಳ್ಳಿ. ಆಗಲ್ಲ ಅಂದರೆ ಸುಮ್ನೆ ವಾಪಸ್ ಬರಬೇಡಿ, ಹಿಂಬರಹ ಕೇಳಿ, ಅಂದರೆ ಆಗಲ್ಲ ಅನ್ನುವ ಉತ್ತರ ಕಚೇರಿಯಿಂದ ಬರವಣಿಗೆಯಲ್ಲಿ. ಮುಂದೆ ದಾವೆ ಹಾಕಬೇಕಾಗಿ ಬಂದರೆ ಅದೇ ಮುಖ್ಯ ಕಾಗದ.

ದುಡ್ಡಿನ ಚಿಂತೆ ಇದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಕ್ಕಳಿಗೂ ಹೆಂಗಸರಿಗೂ ಅಲ್ಲಿ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ನಮಗಿದು ತೀರಾ ತಡವಾಗಿ ತಿಳಿಯಿತು.

ಮಗನನ್ನು ಇನ್ನೂ ಶಾಲೆಗೆ ಸೇರಿಸಿಲ್ಲ ಅಲ್ವಾ? ಹಾಗಾದರೆ ಈ ವಾರವೇ ಅರ್ಜಿ ಕೊಡಿ. ಒಮ್ಮೆ ಶಾಲೆಯ ದಾಖಲಾತಿ ಪುಸ್ತಕಕ್ಕೆ ಹಳೆಯ ಹೆಸರು ಹತ್ತಿದರೆ ಅದನ್ನೂ ಬೇರೆಯಾಗಿ ಬದಲಿಸಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯೂ ಬಂದಮೇಲೆ ಓಡಾಟ ಇನ್ನೂ ಜಾಸ್ತಿ.